ಹಗಲಿನ ಕರೆಂಟನ್ನು ಎಲ್ಲಿ ಮಡಗೋದು?

ಸೋಲಾರಿಗೆ ಸರ್ಕಾರ ಸಹಾಯಧನ ಕೊಡುತ್ತದೆ ಎಂಬ ಮಾತು ಈಗ ನಮ್ಮ ಬಿಳಿಕೆರೆ ಹೋಬಳಿಯ ಟೀ ಅಂಗಡಿಗಳಲ್ಲೂ ಕೇಳಿಸುತ್ತದೆ. ಮನೆ ಮೇಲೆ ಹಾಕಿಸಿದರೆ ಇಷ್ಟು, ಪಂಪ್‌ಸೆಟ್ಟಿಗೆ ಹಾಕಿಸಿದರೆ ಇಷ್ಟು ಅಂತ ಲೆಕ್ಕ ಹೇಳುವವರಿಗೆ ಬರವಿಲ್ಲ. ಆದರೆ ನಮ್ಮೂರ ಹಿರಿಯರೊಬ್ಬರು ಕೇಳಿದ ಮಾತಿಗೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. “ಬಿಸ್ಲಿದ್ದಾಗ ಬರೋ ಕರೆಂಟು ಸರಿ ಕಣಪ್ಪ. ನಮ್ಗೆ ಬೇಕಾಗದು ಬಿಸ್ಲು ಹೋದ್ಮೇಲೆ. ಅಲ್ಲೀಗಂಟ ಅದ ಎಲ್ಲಿ ಮಡಗೀರಿ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಗಲಿನ ಕರೆಂಟನ್ನು ಮೂರು ರೀತಿ ಮಡಗಬಹುದು. ನೀರಾಗಿ ಟ್ಯಾಂಕಿನಲ್ಲಿ, ತಂಪಾಗಿ ಐಸಿನಲ್ಲಿ, ಕರೆಂಟಾಗಿಯೇ ಬ್ಯಾಟರಿಯಲ್ಲಿ. ಮೊದಲನೆಯದು ಅಗ್ಗ, ಕೊನೆಯದು ದುಬಾರಿ. ಸರ್ಕಾರದ ದುಡ್ಡು ಈಗ ಹೆಚ್ಚಾಗಿ ಪ್ಯಾನಲ್‌ಗೆ ಬರುತ್ತಿದೆ, ಮಡಗುವುದಕ್ಕೆ ಬರುತ್ತಿಲ್ಲ. ಅದು ಬರಬೇಕಾದ್ದು ಊರಿಗೆಲ್ಲ ಸೇರಿದ ಜಾಗಗಳಿಗೆ. ಅದನ್ನು ಕೇಳಿ ತರಿಸಿಕೊಳ್ಳುವ ಕೆಲಸ ನಮ್ಮದು.

ಕರೆಂಟು ಹೋದರೆ ಏನೇನು ನಿಲ್ಲುತ್ತದೆ?

ನಮ್ಮ ಕಡೆ ಎರಡು ಕಾಲದಲ್ಲಿ ಈ ಕಷ್ಟ. ಒಂದು ಮಳೆ ಹೆಚ್ಚಾದಾಗ, ಇನ್ನೊಂದು ಮಳೆ ಕೈಕೊಟ್ಟಾಗ. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ಬಡಾವಣೆಗಳಿಗೆ ನೀರು ನುಗ್ಗಿತು. ಅದೇ ಹೊತ್ತಿಗೆ ಕಬಿನಿ ತುಂಬಿ ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಗೂ ತೊಂದರೆಯಾಯಿತು. ಇಂಥ ಮಳೆಯಲ್ಲಿ ಮರ ಬಿದ್ದು ಕಂಬ ಮುರಿದರೆ ಲೈನ್ ಸರಿಯಾಗಲು ದಿನಗಟ್ಟಲೆ ಹಿಡಿಯುತ್ತದೆ. ಆಮೇಲೆ 2023. ಆ ವರ್ಷ ಮಳೆ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅಣೆಕಟ್ಟಿನಲ್ಲಿ ನೀರಿಲ್ಲದೆ ಜಲವಿದ್ಯುತ್ ಕಡಿಮೆ, ಬಿತ್ತಿದ ಪೈರು ಒಣಗುತ್ತಾ ಪಂಪ್‌ಸೆಟ್ಟುಗಳ ಬೇಡಿಕೆ ಜಾಸ್ತಿ. ಪಂಪ್‌ಸೆಟ್ಟಿಗೆ ಕೊಡುತ್ತಿದ್ದ 7 ಗಂಟೆ ತ್ರೀಫೇಸ್ ಅಕ್ಟೋಬರ್‌ನಲ್ಲಿ 5 ಗಂಟೆಗೆ ಇಳಿಯಿತು. ನವೆಂಬರ್‌ನಲ್ಲಿ ಮತ್ತೆ 7 ಗಂಟೆ ಮಾಡಿದರು.

ಮನೆಯಲ್ಲಿ ಒಂದು ರಾತ್ರಿ ದೀಪ ಇಲ್ಲದಿದ್ದರೆ ಹೇಗೋ ತಡೆದುಕೊಳ್ಳುತ್ತೇವೆ. ತಡೆಯಲಾಗದ್ದು ನಾಲ್ಕು. ಕುಡಿಯುವ ನೀರಿನ ಬೋರ್‌ವೆಲ್, ಡೇರಿ, ಆಸ್ಪತ್ರೆ, ಕಾಡಂಚಿನ ಊರಾದರೆ ಆನೆ ಬೇಲಿ. ಈ ನಾಲ್ಕೂ ಒಬ್ಬರ ಸ್ವತ್ತಲ್ಲ, ಊರಿನವು. ಈ ಮಾತು ನೆನಪಿನಲ್ಲಿರಲಿ.

ಪ್ಯಾನಲ್ ಇದ್ದರೂ ಕತ್ತಲೆ ಯಾಕೆ?

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮನೆ ಮೇಲೆ ಸಹಾಯಧನದಲ್ಲಿ ಹಾಕುವ ಸೋಲಾರ್ ಹೆಚ್ಚಾಗಿ ಲೈನಿಗೆ ಜೋಡಿಸಿದ ಮಾದರಿ. ಹಗಲು ನಮ್ಮ ಪ್ಯಾನಲ್ಲಿನ ಕರೆಂಟು ಮನೆಗೆ ಬಳಕೆಯಾಗಿ, ಹೆಚ್ಚಾದದ್ದು ಲೈನಿಗೆ ಹೋಗುತ್ತದೆ. ಮೀಟರು ಎರಡೂ ಕಡೆಯ ಲೆಕ್ಕ ಬರೆದುಕೊಳ್ಳುತ್ತದೆ. ರಾತ್ರಿ ನಾವು ಲೈನಿನಿಂದ ತೆಗೆದುಕೊಳ್ಳುತ್ತೇವೆ.

ಆದರೆ ಲೈನ್ ಹೋದ ತಕ್ಷಣ ಇದರ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗೋದಿಲ್ಲ. ಇದು ಕೆಟ್ಟಿರುವ ಲಕ್ಷಣವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಕಂಬದ ಮೇಲೆ ಲೈನ್‌ಮನ್ ಕೈ ಇಟ್ಟು ಕೆಲಸ ಮಾಡುತ್ತಿರುತ್ತಾನೆ. ಆಗ ನಮ್ಮ ಮನೆ ಪ್ಯಾನಲ್ಲಿನ ಕರೆಂಟು ಲೈನಿಗೆ ಹೋದರೆ ಅವನ ಜೀವಕ್ಕೇ ಅಪಾಯ. ಆದ್ದರಿಂದ ಲೈನ್ ಸತ್ತರೆ ಇದೂ ನಿಲ್ಲಬೇಕು ಎಂಬ ನಿಯಮ.

ಕರೆಂಟು ಹೋದಾಗಲೂ ನಡೆಯಬೇಕಾದರೆ ಬ್ಯಾಟರಿ ಬೇಕು. ಜತೆಗೆ ಲೈನಿನಿಂದ ತಾನೇ ಬೇರ್ಪಟ್ಟು ಮನೆಗೆ ಮಾತ್ರ ಕೊಡುವ ಹೈಬ್ರಿಡ್ ಇನ್ವರ್ಟರ್ ಬೇಕು. ಮಾರಲು ಬರುವವರು ಈ ವಿಷಯ ತಾವಾಗಿ ಬಿಡಿಸಿ ಹೇಳುವುದು ಕಡಿಮೆ. ನಾವೇ ಕೇಳಬೇಕು: “ಲೈನ್ ಹೋದಾಗ ಇದು ನಡೆಯುತ್ತದೋ ಇಲ್ಲವೋ?”

ಒಂದು ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ?

ಮನೆ ಇನ್ವರ್ಟರಿಗೆ ಹಾಕುವ ದೊಡ್ಡ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಎರಡನ್ನೂ ಗುಣಿಸಿ. 1800 ವ್ಯಾಟ್-ಅವರ್, ಅಂದರೆ 1.8 ಯುನಿಟ್. ಸೀಸದ ಬ್ಯಾಟರಿಯನ್ನು ದಿನಾ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಅರ್ಧ ಮಾತ್ರ ಬಳಸಬೇಕು. ಹಾಗಾಗಿ ಒಂದು ಬ್ಯಾಟರಿಯಿಂದ ಕೈಗೆ ಸಿಗೋದು ಸುಮಾರು 1 ಯುನಿಟ್. ಇದರ ಬೆಲೆ 15 ಸಾವಿರದ ಆಸುಪಾಸು, ಆಯುಸ್ಸು 4–5 ವರ್ಷ.

ಈಗ 5 ಎಚ್‌ಪಿ ಮೋಟಾರ್ ನೋಡಿ. ಗಂಟೆಗೆ 4ರಿಂದ 4.5 ಯುನಿಟ್ ತಿನ್ನುತ್ತದೆ. ನಾಲ್ಕು ಗಂಟೆ ಓಡಿಸಲು 16–18 ಯುನಿಟ್ ಬೇಕು. ಅಂದರೆ 16–18 ಬ್ಯಾಟರಿ, ಎರಡೂವರೆ ಲಕ್ಷಕ್ಕೆ ಕಡಿಮೆ ಇಲ್ಲ. ಐದು ವರ್ಷಕ್ಕೆ ಮತ್ತೆ ಅಷ್ಟೇ ಖರ್ಚು. ಸೋಲಾರ್ ಪಂಪಿನ ಯೋಜನೆಯಲ್ಲಿ ಬ್ಯಾಟರಿ ಯಾಕಿಲ್ಲ ಎಂಬುದಕ್ಕೆ ಇದೇ ಕಾರಣ. ನೀರೆತ್ತುವ ಕೆಲಸಕ್ಕೆ ಬ್ಯಾಟರಿ ಹಾಕುವುದು ಹುಲ್ಲಿನ ಬಣವೆಯನ್ನು ಕಬ್ಬಿಣದ ಬೀರುವಿನಲ್ಲಿ ಇಟ್ಟಂತೆ.

ಹೊಸ ಲಿಥಿಯಂ ಬ್ಯಾಟರಿಗಳು ಬಂದಿವೆ. ಮನೆ, ಆಸ್ಪತ್ರೆಗೆ ಹಾಕುವ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯವನ್ನು ಶೇ. 80–90ರವರೆಗೆ ಬರಿದು ಮಾಡಬಹುದು, ನೀರು ಹಾಕುವ ರಗಳೆ ಇಲ್ಲ, ಹತ್ತು ವರ್ಷ ಬಾಳುತ್ತವೆ. ಬೆಲೆ ವರ್ಷದಿಂದ ವರ್ಷಕ್ಕೆ ಇಳಿದಿದೆ. ಆದರೂ ಪಂಪ್ ಓಡಿಸುವಷ್ಟು ಅಗ್ಗ ಅಲ್ಲ.

ಮೊದಲನೆಯದು: ನೀರೇ ಬ್ಯಾಟರಿ

ಕುಡಿಯುವ ನೀರಿನ ಲೆಕ್ಕ ಹಾಕೋಣ. ಜಲಜೀವನ್ ಮಿಷನ್ನಿನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಅಳತೆ ಇಟ್ಟಿದ್ದಾರೆ. 900 ಜನರ ಊರಿಗೆ ಸುಮಾರು 50 ಸಾವಿರ ಲೀಟರ್. ನಮ್ಮ ಎಷ್ಟೋ ಊರುಗಳ ಓವರ್‌ಹೆಡ್ ಟ್ಯಾಂಕು ಇದೇ ಅಳತೆಯದು.

ಬೋರ್‌ವೆಲ್‌ನಲ್ಲಿ ನೀರು 100 ಮೀಟರ್ ಆಳದಲ್ಲಿದೆ, ಟ್ಯಾಂಕು 15 ಮೀಟರ್ ಎತ್ತರದಲ್ಲಿದೆ ಅಂತಿಟ್ಟುಕೊಳ್ಳಿ. ಇಷ್ಟು ನೀರನ್ನು 115 ಮೀಟರ್ ಎತ್ತಲು ಲೆಕ್ಕದ ಪ್ರಕಾರ 16 ಯುನಿಟ್ ಸಾಕು. ಆದರೆ ಮೋಟಾರು, ಪಂಪು, ಪೈಪಿನಲ್ಲಿ ಸೋರಿಹೋಗುವುದೇ ಹೆಚ್ಚು. ತಿನ್ನುವುದರಲ್ಲಿ ಶೇ. 40ರಷ್ಟು ಮಾತ್ರ ಕೆಲಸಕ್ಕೆ ಬಂತು ಅಂದರೆ 40 ಯುನಿಟ್ ಬೇಕು.

ಅಂದರೆ ಏನಾಯ್ತು? ಸಂಜೆ ಆರು ಗಂಟೆಗೆ ಟ್ಯಾಂಕು ತುಂಬಿದ್ದರೆ, 40 ಯುನಿಟ್ ಕರೆಂಟಿನ ಕೆಲಸ ಮೇಲೆ ಕೂತಿದೆ ಅಂತ ಅರ್ಥ. ಅದೇ ಕೆಲಸವನ್ನು ರಾತ್ರಿ ಮಾಡಿಸಲು 40 ಬ್ಯಾಟರಿ, 6 ಲಕ್ಷ ರೂಪಾಯಿ ಬೇಕಾಗುತ್ತಿತ್ತು. ಟ್ಯಾಂಕಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕಿಲ್ಲ, ಐದು ವರ್ಷಕ್ಕೆ ಬದಲಾಯಿಸಬೇಕಿಲ್ಲ. ಆಗಾಗ ತೊಳೆದರಾಯಿತು.

1 ಕಿಲೋವ್ಯಾಟ್ ಪ್ಯಾನಲ್ ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಗೆ ದಿನಕ್ಕೆ 4 ಯುನಿಟ್ ಕೊಡುತ್ತದೆ. 40 ಯುನಿಟ್ಟಿಗೆ 10 ಕಿಲೋವ್ಯಾಟ್. ಕಿಲೋವ್ಯಾಟಿಗೆ 100 ಚದರಡಿ ಜಾಗ ಅಂದರೂ ಒಂದು ಸಾವಿರ ಚದರಡಿ ಸಾಕು. ಅಷ್ಟು ಜಾಗ ನೀರಿನ ಟ್ಯಾಂಕಿನ ಪಕ್ಕದಲ್ಲೋ ಶಾಲೆಯ ಮಾಳಿಗೆ ಮೇಲೋ ಸಿಗುತ್ತದೆ. ಜುಲೈ, ಆಗಸ್ಟ್ ಮೋಡದಲ್ಲಿ ಅರ್ಧ ಬಂದರೆ ಹೆಚ್ಚು. ಆಗ ಉಳಿದದ್ದಕ್ಕೆ ಲೈನ್ ಕರೆಂಟು. ಎರಡೂ ಇರಲಿ, ಒಂದನ್ನು ಬಿಟ್ಟು ಒಂದಲ್ಲ. ಟ್ಯಾಂಕು ಎರಡು ದಿನದ ನೀರು ಹಿಡಿಯುವಷ್ಟು ದೊಡ್ಡದಿದ್ದರೆ ಕಂಬ ಬಿದ್ದ ದಿನವೂ ನಲ್ಲಿಯಲ್ಲಿ ನೀರು ಬರುತ್ತದೆ. ನೀರುಗಂಟಿಯೂ ಕರೆಂಟು ಬರುವ ಹೊತ್ತು ಕಾದು ರಾತ್ರಿ ಎದ್ದು ಹೋಗುವುದು ತಪ್ಪುತ್ತದೆ.

ಹೊಲಕ್ಕೂ ಇದೇ ಮಾತು. ಕೃಷಿ ಹೊಂಡವೋ ತೊಟ್ಟಿಯೋ ಇದ್ದರೆ ಹಗಲು ಎತ್ತಿದ ನೀರನ್ನು ಬೆಳಗಿನ ಜಾವ ಹಾಯಿಸಬಹುದು. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನವರಿಗೆ ಇದು ಉಳಿತಾಯದ ಮಾತಲ್ಲ, ಜೀವದ ಮಾತು. ರಾತ್ರಿ ಒಂದು ಗಂಟೆಗೆ ತ್ರೀಫೇಸ್ ಬಂದರೆ ಮೋಟಾರ್ ಹಾಕಲು ಟಾರ್ಚ್ ಹಿಡಿದು ಹೋಗುವವನಿಗೆ ಎದುರು ಆನೆಯೂ ಸಿಗಬಹುದು, ಚಿರತೆಯೂ ಸಿಗಬಹುದು.

ಒಂದು ಎಚ್ಚರಿಕೆ. ಬಿಸಿಲಿಗೆ ಬಿಲ್ಲಿಲ್ಲ ಅಂತ ಇಡೀ ದಿನ ಎತ್ತಿದರೆ ಅಂತರ್ಜಲ ಇಳಿಯುತ್ತದೆ. ಬೋರು ಬತ್ತಿದ ಮೇಲೆ ಪ್ಯಾನಲ್ಲಿನ ಮೇಲೆ ಹಪ್ಪಳ ಒಣಗಿಸಬಹುದು, ಅಷ್ಟೆ.

ಎರಡನೆಯದು: ತಂಪನ್ನು ಮಡಗುವುದು

ಡೇರಿಯ ಕಷ್ಟ ಬೇರೆ. ನಾವು ಹಾಲು ಹಾಕೋದು ಬೆಳಿಗ್ಗೆ, ಮತ್ತೆ ಸಂಜೆ. ಎರಡು ಹೊತ್ತೂ ಬಿಸಿಲಿಗೆ ಬಲ ಇಲ್ಲ. ಮಧ್ಯಾಹ್ನ ಬಿಸಿಲು ಸುರಿಯುತ್ತಿರುವಾಗ ಡೇರಿಗೆ ಬೀಗ.

ಡೇರಿಯಲ್ಲಿ ಎರಡು ರೀತಿ ಕರೆಂಟು ಬೇಕು. ತೂಕ, ಹಾಲು ಪರೀಕ್ಷೆ, ಕಂಪ್ಯೂಟರ್, ದೀಪ ಇವಕ್ಕೆಲ್ಲ ಸೇರಿ ಅರ್ಧ ಕಿಲೋವ್ಯಾಟ್ ಹಿಡಿಯಿರಿ. ಎರಡು ಹೊತ್ತಿಗೂ ಸೇರಿ ನಾಲ್ಕು ಗಂಟೆ, ಅಂದರೆ 2 ಯುನಿಟ್. ಇದಕ್ಕೆ ಸಣ್ಣ ಬ್ಯಾಟರಿ ಸಾಕು. ಇಷ್ಟಿದ್ದರೆ “ಕರೆಂಟಿಲ್ಲ, ಫ್ಯಾಟ್ ನೋಡಕ್ಕಾಗಲ್ಲ, ಅಂದಾಜಲ್ಲಿ ಬರ್ಕತೀವಿ” ಎಂಬ ಮಾತು ಬರೋದಿಲ್ಲ. ಆ ಅಂದಾಜಿನಲ್ಲಿ ಯಾರಿಗೆ ನಷ್ಟ ಅಂತ ಹಾಲು ಹಾಕುವವರಿಗೆ ಗೊತ್ತು.

ದೊಡ್ಡ ಖರ್ಚು ಹಾಲು ತಂಪು ಮಾಡುವುದು. ಎಲ್ಲ ಸಂಘದಲ್ಲೂ ಶೀತಲ ಘಟಕ ಇಲ್ಲ, ಇರುವ ಕಡೆಯ ಮಾತು ಇದು. ಕರೆದ ಹಾಲು 35 ಡಿಗ್ರಿ ಬಿಸಿ ಇರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. ಸಾವಿರ ಲೀಟರಿಗೆ 13–14 ಯುನಿಟ್ ಹಿಡಿಯುತ್ತದೆ. ಕರೆಂಟಿಲ್ಲದಿದ್ದರೆ ಡೀಸೆಲ್ ಜನರೇಟರ್. ಒಂದು ಲೀಟರ್ ಡೀಸೆಲ್ಲಿಗೆ 3 ಯುನಿಟ್ ಬಂದರೆ ಪುಣ್ಯ. ಹಾಗಾದರೆ ಯುನಿಟ್ಟಿಗೆ 30 ರೂಪಾಯಿ, ಒಂದು ಸಂಜೆಗೆ 400 ರೂಪಾಯಿ. ಅದು ಕೊನೆಗೆ ನಮ್ಮ ಬೋನಸ್ಸಿನಿಂದಲೇ ಹೋಗುವುದು.

ಇಲ್ಲಿ ಬ್ಯಾಟರಿಗಿಂತ ಐಸ್ ಬ್ಯಾಂಕ್ ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ ಕಂಪ್ರೆಸರ್ ಓಡಿಸಿ ಐಸ್ ಮಾಡಿಡುವುದು. ಸಂಜೆ ಹಾಲು ಬಂದಾಗ ಆ ಐಸಿನ ತಣ್ಣೀರನ್ನು ಪೈಪಿನಲ್ಲಿ ಹಾಯಿಸಿ ಹಾಲಿನ ಬಿಸಿ ಎಳೆಯುವುದು. ಸಾವಿರ ಲೀಟರ್ ಹಾಲಿಗೆ ಸುಮಾರು 350 ಕಿಲೋ ಐಸ್ ಬೇಕು. ದೊಡ್ಡ ಡೇರಿಗಳಲ್ಲಿ ಈ ಪದ್ಧತಿ ಹಳೆಯದು. ಅದನ್ನೇ ಹಳ್ಳಿಯ ಅಳತೆಗೆ ಇಳಿಸಿದ ಯಂತ್ರಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ.

ಆಸ್ಪತ್ರೆಯ ಲಸಿಕೆ ಪೆಟ್ಟಿಗೆಯೂ ಇದೇ ಉಪಾಯದ್ದು. ಅದರ ಗೋಡೆಯೊಳಗೆ ಐಸ್ ಕಟ್ಟಿರುತ್ತದೆ. ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೆ ಉಳಿದ ಹೊತ್ತು ತಾನೇ 2ರಿಂದ 8 ಡಿಗ್ರಿ ಕಾಪಾಡಿಕೊಳ್ಳುತ್ತದೆ.

ಮೂರನೆಯದು: ಬ್ಯಾಟರಿಯೇ ಬೇಕಾದ ಜಾಗ

ಕೆಲವು ಕಡೆ ಬ್ಯಾಟರಿ ಬಿಟ್ಟು ಬೇರೆ ದಾರಿಯಿಲ್ಲ. ಮೊದಲನೆಯದು ಹೆರಿಗೆ ಕೋಣೆ. ಮಗು ಹುಟ್ಟುವ ಹೊತ್ತನ್ನು ಯಾರೂ ಮುಂದಕ್ಕೆ ಹಾಕಲಾಗದು. ದೀಪ, ಕೂಸನ್ನು ಬೆಚ್ಚಗಿಡುವ ಯಂತ್ರ, ಬಾಯಿಯ ಲೋಳೆ ಎಳೆಯುವ ಯಂತ್ರ ಎಲ್ಲ ಸೇರಿ ಒಂದು ರಾತ್ರಿಗೆ ಮೂರು ನಾಲ್ಕು ಯುನಿಟ್. ಇಷ್ಟಕ್ಕೆ ಬ್ಯಾಟರಿ ದುಬಾರಿ ಅನ್ನುವವರು ಯಾರು?

ಛತ್ತೀಸಗಡದಲ್ಲಿ ಸರ್ಕಾರದ ಇಂಧನ ಸಂಸ್ಥೆ ಕ್ರೆಡಾ 2012ರಿಂದ 2016ರೊಳಗೆ 500ಕ್ಕೂ ಮಿಕ್ಕಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬ್ಯಾಟರಿ ಸಮೇತ ಸೋಲಾರ್ ಹಾಕಿತು. 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಸೋಲಾರ್ ಇದ್ದ ಕೇಂದ್ರಗಳಲ್ಲಿ ಹೆರಿಗೆಗಳು ಇಲ್ಲದ ಕೇಂದ್ರಗಳಿಗಿಂತ ಹೆಚ್ಚು ಕಡಿಮೆ ಎರಡರಷ್ಟು. ರಾತ್ರಿ ಕರೆಂಟು ಇರುತ್ತದೆ ಎಂಬ ಧೈರ್ಯ ಬಂದರೆ ಜನ ಹತ್ತಿರದ ಆಸ್ಪತ್ರೆಗೇ ಬರುತ್ತಾರೆ. ನಮ್ಮ ರಾಜ್ಯದಲ್ಲೂ ಸೆಲ್ಕೋ ಫೌಂಡೇಶನ್ ಆರೋಗ್ಯ ಇಲಾಖೆಯ ಜತೆ ಸೇರಿ ರಾಯಚೂರು ಮುಂತಾದ ಕಡೆ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕಿದೆ.

ಎರಡನೆಯದು ಹಾಡಿಗಳು. ನಮ್ಮ ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಕೆಲವು ಕಡೆ ಲೈನ್ ಎಳೆಯುವುದೇ ಕಷ್ಟ. ಕೇಂದ್ರದ ಪಿಎಂ ಜನ್‌ಮನ್ ಯೋಜನೆಯಲ್ಲಿ 2024ರ ಜನವರಿಯಲ್ಲಿ ಇಂಥ ಆದಿವಾಸಿ ಮನೆಗಳಿಗೆಂದೇ ಸೋಲಾರ್ ಯೋಜನೆ ಮಂಜೂರಾಯಿತು. ಲೈನ್ ಮುಟ್ಟಲಾಗದ ಮನೆಗೆ 50 ಸಾವಿರ ರೂಪಾಯಿವರೆಗಿನ ದೀಪ-ಫ್ಯಾನ್ ವ್ಯವಸ್ಥೆ. ಸಮುದಾಯ ಕೇಂದ್ರಕ್ಕೆ 1 ಲಕ್ಷ. ಕರ್ನಾಟಕದಲ್ಲಿ ಜೇನುಕುರುಬರು, ಕೊರಗರು ಈ ಪಟ್ಟಿಯಲ್ಲಿದ್ದಾರೆ.

ಮೂರನೆಯದು ಆನೆ ಬೇಲಿ. ನಾಗರಹೊಳೆ ಅಂಚಿನವರಿಗೆ ಸೋಲಾರ್ ಅಂದರೆ ಮೊದಲು ನೆನಪಾಗೋದು ಬೇಲಿಯೇ. ಅದರಲ್ಲಿರುವುದೂ ಸಣ್ಣ ಪ್ಯಾನಲ್, 12 ವೋಲ್ಟ್ ಬ್ಯಾಟರಿ, ತಂತಿಗೆ ಕ್ಷಣಕ್ಷಣಕ್ಕೂ ಶಾಕ್ ಬಿಡುವ ಪೆಟ್ಟಿಗೆ. ಆನೆ ಬರುವುದು ರಾತ್ರಿ, ಪ್ಯಾನಲ್ ದುಡಿಯುವುದು ಹಗಲು. ನಡುವೆ ಸೇತುವೆಯಾಗಿರೋದು ಆ ಬ್ಯಾಟರಿ. ಬಳ್ಳಿ ಹಬ್ಬಿ ತಂತಿ ಮುಟ್ಟಿದರೆ ಕರೆಂಟು ಭೂಮಿಗೆ ಸೋರಿ ಬ್ಯಾಟರಿ ಖಾಲಿ. ಬ್ಯಾಟರಿ ಸತ್ತ ಬೇಲಿ ಬಟ್ಟೆ ಒಣಹಾಕುವ ತಂತಿಗೆ ಸಮ. ಆನೆಗೆ ಅದು ನಮಗಿಂತ ಮೊದಲೇ ಗೊತ್ತಾಗುತ್ತದೆ.

ಸರ್ಕಾರದ ದುಡ್ಡು ಎಲ್ಲೆಲ್ಲಿದೆ?

ಪಂಪ್‌ಸೆಟ್: ಪಿಎಂ ಕುಸುಮ್ ಯೋಜನೆ 2019ರಲ್ಲಿ ಬಂತು. 7.5 ಎಚ್‌ಪಿವರೆಗಿನ ಸೋಲಾರ್ ಪಂಪಿಗೆ ಕೇಂದ್ರ ಶೇ. 30, ರಾಜ್ಯ ಶೇ. 30, ರೈತ ಶೇ. 40 ಎಂದಿತ್ತು. ಆಮೇಲೆ ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿ ರೈತನ ಪಾಲು ಶೇ. 20ಕ್ಕೆ ಇಳಿಯಿತು. ಇದನ್ನು ನೋಡಿಕೊಂಡದ್ದು ಕ್ರೆಡೆಲ್. ಯೋಜನೆಯ ಅವಧಿಯನ್ನು 2026ರ ಮಾರ್ಚ್‌ವರೆಗೆ ಅಂತ ಇಟ್ಟಿದ್ದರು. ಆದ್ದರಿಂದ ಮುಂಗಡ ಕಟ್ಟುವ ಮೊದಲು ಈಗ ಯಾವ ನಿಯಮ ನಡೆಯುತ್ತಿದೆ ಅಂತ ಕ್ರೆಡೆಲ್ ಇಲ್ಲವೇ ಸೆಸ್ಕ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಇದೇ ಕುಸುಮ್‌ನ ಇನ್ನೊಂದು ಭಾಗದಲ್ಲಿ ಪಂಪ್ ಒಂದೊಂದಕ್ಕೆ ಬದಲು, ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ಟುಗಳ ಇಡೀ ಫೀಡರಿಗೆ ಹಗಲು ಕರೆಂಟು ಕೊಡುವುದು. 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕ ಉದ್ಘಾಟಿಸಿದರು. “ಪಂಪ್‌ಸೆಟ್ಟಿಗೆ ಕರೆಂಟೇ ಬಿಟ್ಟಿ, ಸೋಲಾರ್ ಯಾಕೆ?” ಅಂತ ಕೇಳುವವರಿದ್ದಾರೆ. 10 ಎಚ್‌ಪಿವರೆಗೆ ಬಿಟ್ಟಿ ನಿಜ. ಆದರೆ ಬಿಟ್ಟಿ ಕರೆಂಟು ಯಾವ ಹೊತ್ತಿಗೆ ಬರಬೇಕು ಅನ್ನೋದು ನಮ್ಮ ಕೈಲಿಲ್ಲ. ಹಗಲು ಬರುವ ಕರೆಂಟು ಅಂದರೆ ರಾತ್ರಿ ನಿದ್ದೆ.

ಮನೆ: ಪಿಎಂ ಸೂರ್ಯಘರ್ 2024ರ ಫೆಬ್ರುವರಿಯಲ್ಲಿ ಶುರುವಾಯಿತು. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30 ಸಾವಿರ, 3 ಕಿಲೋವ್ಯಾಟಿಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ಒಟ್ಟು 78 ಸಾವಿರ. ಈ ಲೆಕ್ಕ ಪ್ಯಾನಲ್ಲಿನದು. ಬ್ಯಾಟರಿ ಇಟ್ಟುಕೊಂಡರೆ ಅದಕ್ಕೆ ಬೇರೆ ಸಹಾಯಧನ ಇಲ್ಲ.

ಇಲ್ಲಿ ನಮ್ಮ ರಾಜ್ಯದ ವಿಶೇಷ ಒಂದಿದೆ. 2023ರ ಜುಲೈನಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 40–50 ಯುನಿಟ್ ಸುಡುವ ಸಣ್ಣ ರೈತನ ಮನೆಗೆ ಬಿಲ್ಲು ಸೊನ್ನೆ. ಸೊನ್ನೆ ಬಿಲ್ಲಿನಲ್ಲಿ ಸೋಲಾರ್ ಏನನ್ನು ಉಳಿಸೀತು? ಆದರೆ ಪಂಚಾಯ್ತಿಯ ನೀರಿನ ಮೋಟಾರು, ಬೀದಿದೀಪ, ಡೇರಿ ಇವುಗಳ ಬಿಲ್ಲು ಸೊನ್ನೆಯಲ್ಲ. ಆ ಬಿಲ್ಲು ನಮ್ಮ ಕಂದಾಯದಿಂದಲೋ ನಮ್ಮ ಹಾಲಿನಿಂದಲೋ ಹೋಗುತ್ತದೆ. ಆದ್ದರಿಂದ ನಮ್ಮಂಥವರ ಊರಿನಲ್ಲಿ ಸರ್ಕಾರದ ದುಡ್ಡು ಮನೆಗಿಂತ ಮೊದಲು ಊರಿನ ಜಾಗಕ್ಕೆ ಬಿದ್ದರೆ ಬಿಲ್ಲೂ ಉಳಿಯುತ್ತದೆ, ಕಷ್ಟಕಾಲಕ್ಕೂ ಆಗುತ್ತದೆ.

ಊರು: ಸೂರ್ಯಘರ್‌ನಲ್ಲೇ ಜಿಲ್ಲೆಗೊಂದು ಮಾದರಿ ಸೌರಗ್ರಾಮ ಎಂಬ ಬಾಬತ್ತಿದೆ. 5 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳ ನಡುವೆ ಆರು ತಿಂಗಳ ಸ್ಪರ್ಧೆ, ಗೆದ್ದ ಊರಿಗೆ 1 ಕೋಟಿ. ಆದರೆ ಗೆಲುವಿನ ಅಳತೆ ಎಷ್ಟು ಕಿಲೋವ್ಯಾಟ್ ಹಾಕಿದಿರಿ ಎಂಬುದು. ಎಷ್ಟು ಮಡಗಿದಿರಿ, ಕಂಬ ಬಿದ್ದ ದಿನ ಏನೇನು ನಡೆಯಿತು ಎಂಬುದಕ್ಕೆ ಅಂಕ ಇಲ್ಲ. ನನಗೆ ಕೊರತೆ ಅನ್ನಿಸುವುದು ಇದೇ.

ಸಾಲ: ಕೃಷಿ ಮೂಲಸೌಕರ್ಯ ನಿಧಿ 2020ರಲ್ಲಿ ಶುರುವಾದದ್ದು. 2 ಕೋಟಿವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿಗಳು ಇದರಲ್ಲಿ ಅರ್ಜಿ ಹಾಕಬಹುದು.

ಬೇರೆ ಊರಿನವರು ಏನು ಮಾಡಿದರು?

ಗುಜರಾತಿನ ಮೊಧೇರಾ ಸೂರ್ಯ ದೇವಾಲಯದ ಊರು. 2022ರ ಅಕ್ಟೋಬರ್‌ನಲ್ಲಿ ಅದನ್ನು ಹಗಲು ರಾತ್ರಿ ಸೋಲಾರಿನಲ್ಲೇ ನಡೆಯುವ ದೇಶದ ಮೊದಲ ಗ್ರಾಮ ಅಂತ ಘೋಷಿಸಿದರು. 1300ಕ್ಕೂ ಹೆಚ್ಚು ಮನೆಗಳ ಮೇಲೆ ಪ್ಯಾನಲ್, ಪಕ್ಕದ ಸುಜ್ಜನಪುರದಲ್ಲಿ 6 ಮೆಗಾವ್ಯಾಟ್ ಘಟಕ, 15 ಸಾವಿರ ಯುನಿಟ್ ಹಿಡಿಯುವ ಬ್ಯಾಟರಿ. ಖರ್ಚು 80 ಕೋಟಿಗೂ ಹೆಚ್ಚು, ಕೇಂದ್ರ ಅರ್ಧ, ರಾಜ್ಯ ಅರ್ಧ. ಸರ್ಕಾರ ಮನಸ್ಸು ಮಾಡಿದರೆ ಬ್ಯಾಟರಿಗೂ ದುಡ್ಡಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಊರಿಗೆ 80 ಕೋಟಿ ಎಲ್ಲರಿಗೂ ಬರೋದಿಲ್ಲ.

ಅದೇ ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ಆರು ಮಂದಿ ರೈತರು ಸೋಲಾರ್ ಪಂಪುಗಳನ್ನು ಜೋಡಿಸಿ ಸಹಕಾರ ಸಂಘ ಮಾಡಿಕೊಂಡರು. 2016ರಿಂದ ಹೆಚ್ಚಾದ ಕರೆಂಟನ್ನು ಯುನಿಟ್ಟಿಗೆ 4 ರೂ. 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರಿದರು. ಒಪ್ಪಂದ 25 ವರ್ಷದ್ದು. ಕರೆಂಟಿಗೆ ಬೆಲೆ ಸಿಕ್ಕಿದ ಮೇಲೆ ನೀರನ್ನು ಸುಮ್ಮನೆ ಎತ್ತಿ ಚೆಲ್ಲಲು ಮನಸ್ಸು ಬರೋದಿಲ್ಲ. ನಮ್ಮಲ್ಲೂ 2014ರಲ್ಲಿ ಸೂರ್ಯರೈತ ಅಂತ ಇದೇ ಆಸೆಯ ಯೋಜನೆ ಬಂದು, ಕನಕಪುರ ತಾಲ್ಲೂಕಿನ ಹಾರೋಬೆಲೆ ಸುತ್ತ 300ರಷ್ಟು ಪಂಪ್‌ಸೆಟ್ಟುಗಳಲ್ಲಿ ಪ್ರಯೋಗ ನಡೆಯಿತು.

ಕೆಟ್ಟ ಪಾಠವನ್ನೂ ನೋಡಬೇಕು. ಬಿಹಾರದ ಧರ್ನೈ ಎಂಬ ಊರಿಗೆ 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ 100 ಕಿಲೋವ್ಯಾಟ್ ಸೋಲಾರ್, ಬ್ಯಾಟರಿ ಎಲ್ಲ ಹಾಕಿಕೊಟ್ಟಿತು. ದೇಶವೆಲ್ಲ ಹೊಗಳಿತು. ಆಮೇಲೆ ಲೈನ್ ಕರೆಂಟು ಅಗ್ಗವಾಗಿ ಬಂತು. ಮೂರು ವರ್ಷಕ್ಕೆ ಬ್ಯಾಟರಿ ಸತ್ತವು. ಹೊಸದು ತರಲು ದುಡ್ಡು ಎತ್ತಿಟ್ಟಿರಲಿಲ್ಲ. ಕೊನೆಗೆ ಆ ಜಾಗದಲ್ಲಿ ದನ ಕಟ್ಟಿದರು. ಕೊಟ್ಟವರು ಒಳ್ಳೆಯವರೇ, ಪ್ಯಾನಲ್ಲೂ ಒಳ್ಳೆಯವೇ. ನೋಡಿಕೊಳ್ಳುವವರ ಹೆಸರು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಅಷ್ಟೆ.

ಬ್ಯಾಟರಿಗೆ ದುಡ್ಡು ಎತ್ತಿಡುವುದು ಅಷ್ಟು ಕಷ್ಟವಲ್ಲ. ಡೇರಿಯ ಬ್ಯಾಟರಿಗೆ 1 ಲಕ್ಷ, ಆಯುಸ್ಸು 8 ವರ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ 12,500 ರೂಪಾಯಿ. ದಿನಕ್ಕೆ ಸಾವಿರ ಲೀಟರ್ ಬರುವ ಸಂಘದಲ್ಲಿ ವರ್ಷಕ್ಕೆ 3.65 ಲಕ್ಷ ಲೀಟರ್. ಲೀಟರಿಗೆ 4 ಪೈಸೆ ತೆಗೆದಿಟ್ಟರೆ ಎಂಟು ವರ್ಷಕ್ಕೆ ಹೊಸ ಬ್ಯಾಟರಿ ಯಾರ ಕೈಕಾಲೂ ಹಿಡಿಯದೆ ಬರುತ್ತದೆ.

ಗ್ರಾಮಸಭೆಯಲ್ಲಿ ಕೇಳಿ

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಮುಂದಿನ ಸಭೆಗೆ ಹೋದಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ನಮ್ಮ ನೀರಿನ ಟ್ಯಾಂಕು ಎಷ್ಟು ಲೀಟರಿನದು? ಒಂದು ದಿನದ್ದೋ ಎರಡು ದಿನದ್ದೋ? ಮೋಟಾರಿನ ಕರೆಂಟು ಬಿಲ್ಲು ವರ್ಷಕ್ಕೆ ಎಷ್ಟು?

2. ಆ ಮೋಟಾರಿಗೆ ಹಗಲು ಸೋಲಾರ್, ಮೋಡದ ದಿನ ಲೈನ್, ಎರಡೂ ಇರುವಂತೆ ಮಾಡಲು ಯಾವ ಅನುದಾನದಲ್ಲಿ ಹಾಕಬಹುದು?

3. ನಮ್ಮ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಕರೆಂಟು ಹೋದರೆ ಹೆರಿಗೆ ಕೋಣೆ ಎಷ್ಟು ಗಂಟೆ ನಡೆಯುತ್ತದೆ?

4. ಸೋಲಾರ್ ಈಗಾಗಲೇ ಹಾಕಿದ್ದರೆ, ಲೈನ್ ಹೋದಾಗ ಅದು ನಡೆಯುತ್ತದೋ? ಒಮ್ಮೆ ಮೇನ್ ಸ್ವಿಚ್ ಆರಿಸಿ ಎಲ್ಲರ ಎದುರು ತೋರಿಸಿ.

5. ಬ್ಯಾಟರಿ ನೋಡಿಕೊಳ್ಳುವವರು ಯಾರು? ಬದಲಾಯಿಸುವ ದುಡ್ಡು ಯಾವ ಖಾತೆಯಲ್ಲಿ ಜಮೆಯಾಗುತ್ತಿದೆ?

ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಭರವಸೆ ಮುಂದಿನ ಸಭೆಯ ಹೊತ್ತಿಗೆ ಆವಿಯಾಗಿರುತ್ತದೆ.

ಸಹಾಯಧನ ಅಂದರೆ ಯಾರೋ ಕೊಡುವ ದಾನವಲ್ಲ. ನಾವು ಕೊಳ್ಳುವ ಬೆಂಕಿಪೊಟ್ಟಣದಿಂದ ಡೀಸೆಲ್‌ವರೆಗೆ ಕಟ್ಟಿದ ತೆರಿಗೆ ತಿರುಗಿ ಬರುವುದು. ಅದು ಬರೀ ಪ್ಯಾನಲ್ಲಾಗಿ ಬಂದರೆ ಬಿಸಿಲಿರುವಷ್ಟು ಹೊತ್ತು ಮಾತ್ರ ನಮ್ಮದು. ತುಂಬಿದ ಟ್ಯಾಂಕಾಗಿ, ಕೆಡದ ಹಾಲಾಗಿ, ಹೆರಿಗೆ ಕೋಣೆಯ ದೀಪವಾಗಿ ಬಂದರೆ ಕಂಬ ಬಿದ್ದ ರಾತ್ರಿಯೂ ನಮ್ಮದೇ.